ಹಿಸ್ಸೆಯಾದ ನೆಲ, ಹಿಸ್ಸೆಯಾಗದ ಹೆಸರು: ಬರ್ಗಂಡಿಯ ಕ್ಲೋ ದ ವೂಜೋ ದ್ರಾಕ್ಷಿತೋಟದ ಪ್ರಕರಣ ಅಧ್ಯಯನ

ಪೂರ್ವ ಫ್ರಾನ್ಸಿನ ಬರ್ಗಂಡಿಯಲ್ಲಿ, ಡಿಜೋನ್ ನಗರದಿಂದ ದಕ್ಷಿಣಕ್ಕೆ ಬೋನ್ ಪಟ್ಟಣದ ಕಡೆಗೆ ಸಾಗುವ ಹೆದ್ದಾರಿಯ ಬಲಬದಿಯಲ್ಲಿ, ಕಲ್ಲಿನ ಗೋಡೆಯೊಳಗೆ ಒಂದು ದ್ರಾಕ್ಷಿತೋಟವಿದೆ. ಅದರ ಹೆಸರು ಕ್ಲೋ ದ ವೂಜೋ. ಕ್ಲೋ ಎಂದರೆ ಗೋಡೆ ಕಟ್ಟಿ ಆವರಿಸಿದ ತೋಟ. ವೂಜೋ ಎಂಬುದು ಪಕ್ಕದ ಪುಟ್ಟ ಹಳ್ಳಿಯ ಹೆಸರು, ಅಲ್ಲಿ ಹರಿಯುವ ವೂಜ್ ಎಂಬ ತೊರೆಯಿಂದ ಬಂದದ್ದು. ತೋಟದ ವಿಸ್ತೀರ್ಣ ಸುಮಾರು 50.6 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 125 ಎಕರೆ. ಇಷ್ಟು ನೆಲಕ್ಕೆ ಇಂದು ಒಡೆಯರು ಹೆಚ್ಚುಕಡಿಮೆ ಎಂಬತ್ತು ಮಂದಿ. ಸರಾಸರಿ ತೆಗೆದರೆ ಒಬ್ಬೊಬ್ಬರ ಪಾಲಿಗೆ ಒಂದೂವರೆ ಎಕರೆ ಬರುತ್ತದೆ. ವಾಸ್ತವದಲ್ಲಿ ಒಬ್ಬರಿಗೆ ಹದಿಮೂರು ಎಕರೆ ಇದ್ದರೆ ಕೆಲವರಿಗೆ ಬಳ್ಳಿಯ ಕೆಲವೇ ಸಾಲುಗಳಿವೆ.

ಈ ಎಂಬತ್ತು ಮಂದಿಯ ವೈನಿಗೂ ಕಾನೂನು ಒಂದೇ ಹೆಸರನ್ನು, ಒಂದೇ ದರ್ಜೆಯನ್ನು ಕೊಟ್ಟಿದೆ. ಆ ದರ್ಜೆ ಗ್ರಾಂ ಕ್ರ್ಯೂ, ಬರ್ಗಂಡಿಯ ನಾಲ್ಕು ಮೆಟ್ಟಿಲುಗಳಲ್ಲಿ ಅತ್ಯಂತ ಮೇಲಿನದು. ಅದರ ಕೆಳಗೆ ಪ್ರೆಮಿಯೆ ಕ್ರ್ಯೂ, ಅದರ ಕೆಳಗೆ ಹಳ್ಳಿಯ ಹೆಸರಿನ ವೈನ್, ಕೊನೆಗೆ ಇಡೀ ಪ್ರಾಂತ್ಯದ ಹೆಸರಿನದು. ಆದರೆ ಒಂದೇ ವರ್ಷದ, ಒಂದೇ ಹೆಸರಿನ ಎರಡು ಬಾಟಲಿಗಳನ್ನು ಪಕ್ಕಪಕ್ಕದಲ್ಲಿ ತೆರೆದಾಗ ಒಂದು ಗಂಭೀರವಾಗಿ, ದೀರ್ಘಕಾಲ ಬಾಳುವಂತೆಯೂ ಇನ್ನೊಂದು ಒರಟಾಗಿ, ನೀರಸವಾಗಿಯೂ ಇರುವುದನ್ನು ವೈನ್ ಬಲ್ಲವರು ಒಂದು ಶತಮಾನದಿಂದ ಗಮನಿಸುತ್ತ ಬಂದಿದ್ದಾರೆ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದೇ ಈ ಅಧ್ಯಯನದ ವಿಷಯ. ದೂರನ್ನು ಹೆಚ್ಚಿನವರು ಮಣ್ಣಿನ ಮೇಲೆ ಹೊರಿಸುತ್ತಾರೆ. ಮಣ್ಣಿನ ಪಾತ್ರ ದೊಡ್ಡದೇ. ಆದರೆ ನನ್ನ ದೃಷ್ಟಿಯಲ್ಲಿ ಮೂಲ ಕಾರಣ ಭೂಮಿಯ ಹಿಸ್ಸೆ. ತೋಟ ಕೀರ್ತಿ ಗಳಿಸಿದ್ದು ಒಂದೇ ಕೈಯಲ್ಲಿದ್ದಾಗ; ಮುಂದೆ ನೆಲ ಪಾಲಾದಾಗ ಆ ಕೀರ್ತಿ ಮಾತ್ರ ಒಡೆಯದೆ ಪ್ರತಿಯೊಂದು ಪಾಲಿನ ಮೇಲೂ ಇಡಿಯಾಗಿ ಕುಳಿತಿತು.

ಸನ್ಯಾಸಿಗಳು ಕಟ್ಟಿದ ತೋಟ

1098ರಲ್ಲಿ ಮೊಲೆಮ್ ಮಠದ ರೋಬೇರ್ ಎಂಬ ಗುರು ತನ್ನ ಮಠದ ಸುಖಜೀವನಕ್ಕೆ ಬೇಸತ್ತು, ಕೆಲವೇ ಸಂಗಡಿಗರೊಂದಿಗೆ ಬರ್ಗಂಡಿಯ ಬಯಲಿನ ಜೌಗು ಕಾಡಿನಲ್ಲಿ ಸೀತೋ ಎಂಬ ಹೊಸ ಮಠವನ್ನು ಕಟ್ಟಿದ. ಪ್ರಾರ್ಥನೆಯಷ್ಟೇ ಮೈಮುರಿದ ದುಡಿಮೆಯೂ ಅವರಿಗೆ ವ್ರತವಾಗಿತ್ತು. ಪೂಜೆಗೆ ವೈನ್ ಬೇಕು, ಅತಿಥಿಗಳಿಗೂ ಬೇಕು. ಜೌಗು ನೆಲದಲ್ಲಿ ಒಳ್ಳೆಯ ದ್ರಾಕ್ಷಿ ಬರುವುದಿಲ್ಲ. ಹೀಗಾಗಿ ಅವರು ಪಶ್ಚಿಮಕ್ಕೆ ಕಾಣುತ್ತಿದ್ದ ಇಳಿಜಾರಿನತ್ತ ನೋಡಿದರು. 12ನೆಯ ಶತಮಾನದ ಆರಂಭದ ದಶಕಗಳಲ್ಲಿ ವೂಜೋ ಸುತ್ತಲಿನ ಜಮೀನು ತುಂಡುತುಂಡಾಗಿ ದಾನವಾಗಿಯೂ ಕ್ರಯವಾಗಿಯೂ ಮಠಕ್ಕೆ ಸೇರತೊಡಗಿತು. ಕೂಡಿಸಿದ ನೆಲವನ್ನೆಲ್ಲ ಬಳಸಿ ಗೋಡೆ ಪೂರ್ತಿಯಾದದ್ದು 1336ರ ಹೊತ್ತಿಗೆ. ಇನ್ನೂರು ವರ್ಷಗಳಿಗೂ ಮೀರಿದ ಈ ಕೂಡಿಕೆಯನ್ನು ಗಮನದಲ್ಲಿಡಬೇಕು: ಗೋಡೆ ಎದ್ದದ್ದು ಮಠಕ್ಕೆ ದಕ್ಕಿದ ಜಮೀನಿನ ಅಂಚಿನಲ್ಲಿ. ದನಕರುಗಳಿಂದ, ಕಳ್ಳರಿಂದ ಬೆಳೆಯನ್ನು ಕಾಯುವುದು ಅದರ ಕೆಲಸವಾಗಿತ್ತು. ಉತ್ತಮ ಮಣ್ಣು ಇಲ್ಲಿ ಮುಗಿಯಿತು ಎಂದು ಗೆರೆ ಎಳೆಯುವುದು ಅದರ ಉದ್ದೇಶವಾಗಿರಲಿಲ್ಲ.

ತೋಟದ ಮೇಲ್ತುದಿಯಲ್ಲಿ ಅವರು ಹುದುಗುಮನೆ ಮತ್ತು ನೆಲಮಾಳಿಗೆಯನ್ನು ಕಟ್ಟಿದರು. ಅಲ್ಲಿನ ನಾಲ್ಕು ಬೃಹತ್ ಓಕ್ ಮರದ ಗಾಣಗಳು ಈಗಲೂ ನೋಡಲು ಸಿಗುತ್ತವೆ. ಒಂದೊಂದರ ತೊಲೆ ಇಡೀ ಮರದ ಗಾತ್ರದ್ದು. ಪಕ್ಕದಲ್ಲಿ 1551ರಲ್ಲಿ ಮಠಾಧಿಪತಿ ಜಾನ್ ಲ್ವಾಜಿಯೆ ಕಟ್ಟಿಸಿದ ಕೋಟೆಮನೆ ಇದೆ. ಬೆಳೆದ, ಹಿಂಡಿದ, ಹುದುಗಿಸಿದ, ಪೀಪಾಯಿಗೆ ಇಳಿಸಿದ ಎಲ್ಲ ಕೆಲಸವೂ ಒಂದೇ ಗೋಡೆಯೊಳಗೆ, ಒಂದೇ ಮಠದ ಲೆಕ್ಕದಲ್ಲಿ ನಡೆಯಿತು. ಸುಮಾರು ಏಳು ಶತಮಾನ ಹೀಗೆ ನಡೆಯಿತು ಎಂಬುದೇ ಅಚ್ಚರಿಯ ಸಂಗತಿ.

ಬೆಳೆ ಯಾವುದಿರಬೇಕೆಂಬುದು ಆ ನಡುವೆ ಇತ್ಯರ್ಥವಾಯಿತು. 1395ರಲ್ಲಿ ಬರ್ಗಂಡಿಯ ದೊರೆ ಧೀರ ಫಿಲಿಪ್ಪನು ಗಾಮೆ ಎಂಬ ಹೇರಳವಾಗಿ ಕಾಯಿ ಬಿಡುವ ತಳಿಯನ್ನು ತನ್ನ ನಾಡಿನಿಂದ ಕಿತ್ತುಹಾಕಬೇಕೆಂದು ಆಜ್ಞೆ ಹೊರಡಿಸಿ, ಕಡಿಮೆ ಇಳುವರಿಯ ಪೀನೋ ತಳಿಯ ಪರವಾಗಿ ನಿಂತ. ಪೀನೋ ನ್ವಾರ್ ಬೆಳೆಗಾರನಿಗೆ ಸುಲಭದ ಬಳ್ಳಿಯಲ್ಲ. ಬೇಗ ಚಿಗುರುವುದರಿಂದ ಏಪ್ರಿಲ್ ತಿಂಗಳ ಹಿಮದ ಕೊರೆತಕ್ಕೆ ಸಿಗುತ್ತದೆ. ಗೊಂಚಲು ಚಿಕ್ಕದು, ದಟ್ಟ, ಪೈನ್ ಮರದ ಕಾಯಿಯಂತೆ ಒತ್ತಾಗಿರುವುದು, ಆದ್ದರಿಂದ ಸುಗ್ಗಿಯ ಹೊತ್ತಿಗೆ ಮಳೆ ಬಂದರೆ ಒಳಗಿನಿಂದ ಕೊಳೆಯುತ್ತದೆ. ಸಿಪ್ಪೆ ತೆಳು, ಬಣ್ಣ ಕಡಿಮೆ. ಆದರೆ ನಿಂತ ನೆಲದ ಗುಣವನ್ನು ಇಷ್ಟು ನಿಚ್ಚಳವಾಗಿ ಹಣ್ಣಿಗೆ ತರುವ ತಳಿ ವಿರಳ. ಫಲವತ್ತಾದ ತಗ್ಗಿನಲ್ಲಿ ನೆಟ್ಟರೆ ಸೊಪ್ಪು ಬೆಳೆದು, ಹಣ್ಣು ಊದಿಕೊಂಡು ರಸ ನೀರಾಗುತ್ತದೆ. ಬಡ ಸುಣ್ಣಕಲ್ಲಿನ ಓರೆಯಲ್ಲಿ ನೆಟ್ಟರೆ ಹಣ್ಣು ಚಿಕ್ಕದಾಗಿ, ಸಿಪ್ಪೆಯ ಪ್ರಮಾಣ ಹೆಚ್ಚಾಗಿ, ರಸ ಗಟ್ಟಿಯಾಗುತ್ತದೆ. ಅದೇ ಗಾಮೆಯೂ, ಬಿಳಿ ದ್ರಾಕ್ಷಿಯಾದ ಶಾರ್ಡೊನೆಯೂ ಪೀನೋ ಮತ್ತು ಗುಎ ಬ್ಲಾಂ ಎಂಬ ಸಾಮಾನ್ಯ ತಳಿಯ ಮಕ್ಕಳೆಂದು 1999ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಗೊತ್ತಾಯಿತು. ದೊರೆ ಓಡಿಸಿದ ತಳಿ ಅವನು ಉಳಿಸಿಕೊಂಡ ತಳಿಯದೇ ಸಂತಾನವಾಗಿತ್ತು.

ಒಂದು ಗೋಡೆ, ಮೂರು ನೆಲ

ಬೆಟ್ಟದ ಈ ಓರೆಗೆ ಕೋತ್ ದ ನ್ವಿ ಎಂದು ಹೆಸರು. ಪೂರ್ವಕ್ಕೆ ಮುಖ ಮಾಡಿದ್ದರಿಂದ ಬೆಳಗಿನ ಬಿಸಿಲು ನೇರವಾಗಿ ಬೀಳುತ್ತದೆ. ಇಂಥ ಓರೆಗಳಲ್ಲಿ ಮೇಲ್ಗಡೆ, ಕಾಡಿನಂಚಿನಲ್ಲಿ, ಮಣ್ಣು ತೀರ ತೆಳುವಾಗಿರುತ್ತದೆ; ಕೆಳಗೆ ಬಯಲು ಶುರುವಾಗುವಲ್ಲಿ ಮಣ್ಣು ದಪ್ಪಗೆ, ತೇವವಾಗಿ ಇರುತ್ತದೆ; ಉತ್ತಮ ವೈನ್ ಬರುವುದು ನಡು ಓರೆಯ ಪಟ್ಟಿಯಿಂದ. ಬರ್ಗಂಡಿಯ ದರ್ಜೆಗಳೆಲ್ಲ ಹೆಚ್ಚುಕಡಿಮೆ ಈ ನಿಯಮವನ್ನೇ ಅನುಸರಿಸುತ್ತವೆ. ಗ್ರಾಂ ಕ್ರ್ಯೂ ತೋಟಗಳು ಸಾಮಾನ್ಯವಾಗಿ ನಡು ಓರೆಯಲ್ಲೇ ನಿಂತುಬಿಡುತ್ತವೆ, ಹೆದ್ದಾರಿಯವರೆಗೆ ಇಳಿಯುವುದು ಬಹಳ ಅಪರೂಪ. ಕ್ಲೋ ದ ವೂಜೋ ಮಾತ್ರ ಮೇಲಿನ ಸುಣ್ಣಕಲ್ಲಿನಿಂದ ಕೆಳಗಿನ ಹೆದ್ದಾರಿಯ ಅಂಚಿನವರೆಗೂ ಚಾಚಿಕೊಂಡಿದೆ, ಏಕೆಂದರೆ ಗೋಡೆ ಅಲ್ಲಿಯವರೆಗೂ ಹೋಗಿದೆ.

ಮೇಲಿನ ಭಾಗ ಕೋಟೆಮನೆಯ ಆಸುಪಾಸಿನದು. ಇಲ್ಲಿ ಮೇಲ್ಮಣ್ಣು ಒಂದು ಮೊಳದಷ್ಟೂ ಆಳವಿಲ್ಲ. ಗರಸಿನಂಥ ಸುಣ್ಣದ ಚೂರುಗಳು ತುಂಬಿವೆ, ಅಡಿಯಲ್ಲಿ ಜುರಾಸಿಕ್ ಯುಗದ ಸಮುದ್ರತಳದಲ್ಲಿ ಗಟ್ಟಿಯಾದ ಬಂಡೆ. ಮಳೆ ಬಂದ ನೀರು ನಿಲ್ಲದೆ ಬಸಿದುಹೋಗುತ್ತದೆ. ಗೋಡೆಯ ಆಚೆ ಉತ್ತರಕ್ಕೆ ಮ್ಯೂಸಿನ್ಯಿ, ನೈರುತ್ಯಕ್ಕೆ ಗ್ರಾಂಜ್ ಎಶೆಜೋ, ಎರಡೂ ಬರ್ಗಂಡಿಯ ಅತ್ಯುತ್ತಮ ತೋಟಗಳೆಂದು ಯಾರ ತಕರಾರೂ ಇಲ್ಲದೆ ಒಪ್ಪಿದವು. ಮೇಲಿನ ಭಾಗದ ನೆಲ ಅವುಗಳದೇ ಮುಂದುವರಿಕೆ. ನಡುವಿನ ಭಾಗದಲ್ಲಿ ಇಳಿಜಾರು ಮೆಲ್ಲಗಾಗುತ್ತದೆ, ಸುಣ್ಣದ ಜೊತೆ ಜೇಡಿಯ ಪಾಲು ಹೆಚ್ಚುತ್ತದೆ. ಆದರೂ ಕಲ್ಲಿನ ಅಂಶದಿಂದಾಗಿ ನೀರು ಬಸಿಯುತ್ತದೆ. ಕೆಳಗಿನ ಭಾಗ ಬಹುತೇಕ ಸಮತಟ್ಟು. ಶತಮಾನಗಳಿಂದ ಮೇಲಿನಿಂದ ಕೊಚ್ಚಿಬಂದ ಮಣ್ಣೂ ಮೆಕ್ಕಲೂ ಇಲ್ಲಿ ಸೇರಿ ಸುಮಾರು ಒಂದು ಮೀಟರ್ ಆಳದ ಕಂದು ಜೇಡಿಯಾಗಿದೆ. ಸೆಪ್ಟೆಂಬರ್‌ನಲ್ಲಿ ಮಳೆಯಾದರೆ ನೀರು ನಿಲ್ಲುತ್ತದೆ. ಪಕ್ಕದ ಹೆದ್ದಾರಿಯನ್ನು ಕಾಲಕಾಲಕ್ಕೆ ಎತ್ತರಿಸಿದ್ದರಿಂದ ಬಸಿಯುವ ದಾರಿಯೂ ಇಕ್ಕಟ್ಟಾಗಿದೆ. ವಸಂತದ ರಾತ್ರಿಗಳಲ್ಲಿ ತಂಪು ಗಾಳಿ ನೀರಿನಂತೆಯೇ ಇಳಿದುಬಂದು ತಗ್ಗಿನಲ್ಲಿ ತಂಗುವುದರಿಂದ ಚಿಗುರು ಕರಕಾಗುವ ಭಯವೂ ಇಲ್ಲಿಯೇ ಹೆಚ್ಚು.

ಮೇಲಿನ ತುದಿಯಿಂದ ಕೆಳಗಿನ ತುದಿಗೆ ಎತ್ತರದ ವ್ಯತ್ಯಾಸ ಹದಿನೈದು ಮೀಟರ್ ಆಸುಪಾಸು ಮಾತ್ರ. ನಡೆದು ನೋಡಿದವನ ಕಣ್ಣಿಗೆ ಅದು ಒಂದೇ ಹಸಿರು ಹಾಸು. ಇಷ್ಟು ಅಲ್ಪ ಏರಿಳಿತದಲ್ಲಿ ಇಷ್ಟು ದೊಡ್ಡ ಬದಲಾವಣೆ ಹೇಗೆ ಎಂದು ಕೇಳುವವರಿಗೆ ನಮ್ಮ ರೈತರ ಬಳಿ ಉತ್ತರವಿದೆ: ಒಂದೇ ಹೊಲದ ದಿಣ್ಣೆಯ ಮಸಾರಿಯಲ್ಲಿ ಬಂದ ಬೆಳೆಯ ರುಚಿ ಕೆಳಗಿನ ಎರೆಯಲ್ಲಿ ಬಂದದ್ದಕ್ಕೆ ಇರುವುದಿಲ್ಲ ಎಂಬುದು ಅವರಿಗೆ ಬರಹದಿಂದ ತಿಳಿಯಬೇಕಾದ ವಿಷಯವಲ್ಲ.

ಸನ್ಯಾಸಿಗಳಿಗೂ ಅದು ತಿಳಿದಿತ್ತು. ಗೋಡೆಯೊಳಗಿನ ತುಂಡುಗಳಿಗೆ ಬೇರೆಬೇರೆ ಹೆಸರುಗಳಿದ್ದವು. ಗ್ರಾಂ ಮೋಪೆರ್ತ್ಯುಯಿ, ಪ್ಲಾಂತ್ ಲಾಬೆ, ಗಾರೆನ್, ಗೋಡೆಯಾಚೆಯ ತೋಟದ ಹೆಸರನ್ನೇ ಹೊತ್ತ ಮ್ಯೂಸಿನ್ಯಿ, ಬೋದ್ ಬಾಸ್ ಮುಂತಾದ ಆ ಹೆಸರುಗಳು ಇಂದಿಗೂ ಭೂದಾಖಲೆಗಳಲ್ಲಿ ಉಳಿದಿವೆ. ಮೇಲಿನ ಭಾಗದ ವೈನ್ ಪೋಪ್‌ಗೆ, ನಡುವಿನದು ಅರಸರಿಗೆ, ಕೆಳಗಿನದು ಮಠದವರಿಗೇ ಎಂದು ಮೂರು ಬಗೆಯಾಗಿ ಇಳಿಸುತ್ತಿದ್ದರು ಎಂಬ ಮಾತು ಆ ನಾಡಿನಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಇದನ್ನು ಐತಿಹ್ಯವೆಂದೇ ಇಟ್ಟುಕೊಳ್ಳೋಣ. ಐತಿಹ್ಯದ ಹಿಂದಿರುವ ತರ್ಕ ಮಾತ್ರ ಗಟ್ಟಿಯಾದದ್ದು: ಇಡೀ ಓರೆ ಒಬ್ಬನ ಕೈಯಲ್ಲಿದ್ದರೆ ಅವನಿಗೆ ಆಯ್ಕೆಗಳಿರುತ್ತವೆ. ಮಳೆ ಹೆಚ್ಚಾದ ವರ್ಷ ಕೆಳಗಿನ ಹಣ್ಣನ್ನು ಪ್ರತ್ಯೇಕವಾಗಿ ಇಡಬಹುದು. ಒಣ ವರ್ಷದಲ್ಲಿ ಮೇಲಿನ ಬಳ್ಳಿ ಬಾಡಿದಾಗ ಕೆಳಗಿನ ಜೇಡಿಯಲ್ಲಿ ತೇವ ಹಿಡಿದು ಬೆಳೆದ ಹಣ್ಣನ್ನು ಸೇರಿಸಿ ಮೈತುಂಬಿಸಬಹುದು. ಮೇಲಿನದರ ಸುವಾಸನೆ, ನಡುವಿನದರ ಹದ, ಕೆಳಗಿನದರ ಬಲ ಮೂರನ್ನೂ ಕೂಡಿಸಿ ಒಂದು ವೈನ್ ಮಾಡಬಹುದು. ಈ ಸ್ವಾತಂತ್ರ್ಯವೇ ತೋಟದ ನಿಜವಾದ ಆಸ್ತಿಯಾಗಿತ್ತು, ಅದನ್ನು ಯಾವ ದಾಖಲೆಯೂ ಆಸ್ತಿಯೆಂದು ಬರೆದುಕೊಳ್ಳಲಿಲ್ಲ.

ಪಾಲುಪಟ್ಟಿ

1789ರ ನವೆಂಬರ್‌ನಲ್ಲಿ ಫ್ರಾನ್ಸಿನ ಕ್ರಾಂತಿ ಸರ್ಕಾರ ಚರ್ಚಿನ ಆಸ್ತಿಯನ್ನೆಲ್ಲ ರಾಷ್ಟ್ರದ ಸ್ವತ್ತೆಂದು ಘೋಷಿಸಿತು. 1791ರಲ್ಲಿ ಕ್ಲೋ ದ ವೂಜೋ ಹರಾಜಾಯಿತು. ಇಲ್ಲಿ ಒಂದು ಸಾಮಾನ್ಯ ತಪ್ಪು ಗ್ರಹಿಕೆಯನ್ನು ತಿದ್ದಬೇಕು: ಕ್ರಾಂತಿಯೇ ಈ ತೋಟವನ್ನು ಚೂರುಚೂರು ಮಾಡಿತೆಂದು ಹಲವರು ಬರೆಯುತ್ತಾರೆ, ಆದರೆ ಹಾಗಾಗಲಿಲ್ಲ. ಹರಾಜಿನಲ್ಲಿ ಅದು ಇಡಿಯಾಗಿಯೇ ಮಾರಾಟವಾಯಿತು, ಕೈಯಿಂದ ಕೈಗೆ ಹೋಗಿ 1818ರಲ್ಲಿ ಉವ್ರಾರ್ ಮನೆತನಕ್ಕೆ ಬಂತು. ನೆಪೋಲಿಯನ್ನನ ಕಾಲದಲ್ಲಿ ಸೈನ್ಯಕ್ಕೆ ಸರಬರಾಜು ಮಾಡಿ ಅಪಾರ ಹಣ ಗಳಿಸಿದ ಲೇವಾದೇವಿಗಾರನ ಮನೆತನವದು. ತೋಟವನ್ನು ನೋಡಿಕೊಂಡ ಜ್ಯೂಲ್ ಉವ್ರಾರ್ ಪಕ್ಕದ ಹಳ್ಳಿಯ ರೊಮಾನೆ ಕೋಂತಿ ತೋಟಕ್ಕೂ ಒಡೆಯನಾಗಿದ್ದ. 1861ರಲ್ಲಿ ಅವನು ತೀರಿಕೊಂಡ ಮೇಲೂ ತೋಟ ಕೆಲವು ಕಾಲ ವಾರಸುದಾರರಲ್ಲಿ ಕೂಡಿಯೇ ಇತ್ತು.

ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯವೆನಿಸುವ ಸಂಗತಿ ಇದೇ ಅವಧಿಯದು. 1855ರಲ್ಲಿ ಡಾಕ್ಟರ್ ಲಾವಾಲ್ ಎಂಬ ವಿದ್ವಾಂಸ ಬರ್ಗಂಡಿಯ ತೋಟಗಳಿಗೆ ದರ್ಜೆ ಕಟ್ಟಿದಾಗ ಕ್ಲೋ ದ ವೂಜೋವನ್ನು ಅಗ್ರ ಪಂಕ್ತಿಯಲ್ಲಿ ಕೂರಿಸಿದ. 1861ರಲ್ಲಿ ಬೋನ್ ಪಟ್ಟಣದ ಕೃಷಿ ಸಮಿತಿ ಅಧಿಕೃತ ನಕ್ಷೆ ತಯಾರಿಸಿದಾಗಲೂ ಅದಕ್ಕೆ ಮೊದಲ ದರ್ಜೆಯೇ ಸಿಕ್ಕಿತು. ಆಗ ಅವರ ನಾಲಗೆಯ ಮೇಲೆ ಇದ್ದದ್ದು ಒಬ್ಬನೇ ಒಡೆಯ ಒಂದೇ ಹುದುಗುಮನೆಯಲ್ಲಿ ಇಳಿಸಿದ ವೈನ್. ಕೆಳಗಿನ ಜೇಡಿಯ ಮೂಲೆಯೊಂದರ ವೈನನ್ನು ಬೇರೆ ಯಾರೋ ಬೇರೆ ಮನೆಯಲ್ಲಿ ಇಳಿಸಿ ತಂದು ರುಚಿ ತೋರಿಸಿರಲಿಲ್ಲ. ದರ್ಜೆ ಸಿಕ್ಕಿದ್ದು ಇಡಿಗೆ, ಮುಂದೆ ಅದನ್ನು ಅನುಭವಿಸಿದ್ದು ಬಿಡಿ.

ಆ ನಡುವೆ ಫಿಲೊಕ್ಸೆರಾ ಬಂತು. ಅಮೆರಿಕದಿಂದ ಬಂದ, ಬಳ್ಳಿಯ ಬೇರಿನ ರಸ ಹೀರುವ ಈ ಸೂಕ್ಷ್ಮ ಹೇನು 1878ರಲ್ಲಿ ಈ ಜಿಲ್ಲೆಯಲ್ಲಿ ಮೊದಲ ಬಾರಿ ಕಂಡಿತು. ಇಂಗಾಲದ ಡೈಸಲ್ಫೈಡನ್ನು ಮಣ್ಣಿಗೆ ಚುಚ್ಚುವ ದುಬಾರಿ ಚಿಕಿತ್ಸೆಯಿಂದ ಕೆಲವು ತೋಟಗಳು ಕೆಲವು ವರ್ಷ ಉಸಿರಾಡಿದವು. ಕೊನೆಗೆ ಹೇನನ್ನು ತಡೆದುಕೊಳ್ಳುವ ಅಮೆರಿಕದ ಬೇರಿಗೆ ಪೀನೋ ಕಡ್ಡಿಯನ್ನು ಕಸಿ ಕಟ್ಟುವುದೇ ಉಳಿದ ದಾರಿಯಾಯಿತು, ಅದಕ್ಕೆ ಇಲ್ಲಿ 1887ರಲ್ಲಿ ಅನುಮತಿ ಸಿಕ್ಕಿತು. ಹಳೆಯ ಪದ್ಧತಿಯಲ್ಲಿ ಬಳ್ಳಿಯನ್ನು ಬಗ್ಗಿಸಿ ಮಣ್ಣಲ್ಲಿ ಹೂತು ಹೊಸ ಗಿಡ ಪಡೆಯುತ್ತಿದ್ದರು, ಹೆಕ್ಟೇರಿಗೆ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಬಳ್ಳಿಗಳು ಗೊತ್ತುಗುರಿಯಿಲ್ಲದೆ ಕಿಕ್ಕಿರಿದಿರುತ್ತಿದ್ದವು. ಕಸಿ ಬಂದ ಮೇಲೆ ತಂತಿ ಬಿಗಿದ ನೇರ ಸಾಲುಗಳು ಬಂದವು, ಹೆಕ್ಟೇರಿಗೆ ಸುಮಾರು ಹತ್ತು ಸಾವಿರ. ಮರುನಾಟಿಯ ವೆಚ್ಚ, ಕುಸಿದ ಮಾರುಕಟ್ಟೆ, ವಾರಸುದಾರರ ಸಂಖ್ಯೆ ಎಲ್ಲ ಸೇರಿ ಒಂದೇ ಒಡೆತನ ಭಾರವಾಯಿತು. 1889ರಲ್ಲಿ ತೋಟ ಬರ್ಗಂಡಿಯ ವೈನ್ ವರ್ತಕರಿಗೆ ಮಾರಾಟವಾಗಿ ಮೊದಲ ಬಾರಿ ಹರಿಯಿತು.

ಒಮ್ಮೆ ಹರಿದದ್ದು ಮತ್ತೆ ಹರಿಯುತ್ತಲೇ ಹೋಯಿತು. 1804ರ ನೆಪೋಲಿಯನ್ ಸಂಹಿತೆಯ ಪ್ರಕಾರ ತಂದೆಯ ಆಸ್ತಿ ಮಕ್ಕಳಿಗೆಲ್ಲ ಸಮಪಾಲು. ಜ್ಯೇಷ್ಠನಿಗೆ ಮಾತ್ರ ಎಂಬ ಹಳೆಯ ರೂಢಿಗೆ ಅದು ಕೊನೆ ಹಾಡಿತ್ತು. ನ್ಯಾಯದ ದೃಷ್ಟಿಯಿಂದ ಅದು ದೊಡ್ಡ ಹೆಜ್ಜೆ, ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಪ್ರತಿ ತಲೆಮಾರಿನಲ್ಲೂ ಸಾಲುಗಳು ಎಣಿಸಿ ಹಂಚಿಹೋದವು, ಮದುವೆಗಳಿಂದ ಕೆಲವು ಕೂಡಿಕೊಂಡವು, ಮಾರಾಟದಿಂದ ಮತ್ತೆ ಚದುರಿದವು. ಪಾಲುಪಟ್ಟಿಯಲ್ಲಿ ಅಣ್ಣನಿಗೆ ಬಾವಿ, ತಮ್ಮನಿಗೆ ದಿಣ್ಣೆ ಬಂದು ಊರಿಡೀ ಕಚೇರಿ ಅಲೆದ ಕಥೆ ನಮ್ಮ ಹಳ್ಳಿಗಳಿಗೆ ಹೊಸತಲ್ಲ. ವೂಜೋದಲ್ಲಿ ವ್ಯತ್ಯಾಸವಿಷ್ಟೇ: ಎಲ್ಲರ ಪಾಲಿಗೂ ಒಂದೇ ಹೆಸರಿನ ಬೆಲೆ ಬಂದಿದ್ದರಿಂದ ಜಗಳಕ್ಕೆ ಕಾರಣವೇ ಉಳಿಯಲಿಲ್ಲ, ನಷ್ಟವಾದದ್ದು ಕೊಂಡುಕುಡಿಯುವವನಿಗೆ.

ಇದರ ಪಕ್ಕದಲ್ಲಿ ಇನ್ನೊಂದು ತೋಟವನ್ನು ಇಟ್ಟುನೋಡುವುದು ಉಪಯುಕ್ತ. ಕೆಲವೇ ಕಿಲೋಮೀಟರ್ ಉತ್ತರಕ್ಕೆ ಮೊರೆ ಸಾಂ ದನಿ ಹಳ್ಳಿಯಲ್ಲಿ ಕ್ಲೋ ದ ತಾರ್ ಇದೆ. ಸುಮಾರು ಏಳೂವರೆ ಹೆಕ್ಟೇರ್, ಅದಕ್ಕೂ ಗೋಡೆ, ಅದೂ ಗ್ರಾಂ ಕ್ರ್ಯೂ. 1141ರಲ್ಲಿ ಸೀತೋ ಪಂಗಡದ ಸನ್ಯಾಸಿನಿಯರು ಅದನ್ನು ಪಡೆದರು. 1791ರಲ್ಲಿ ಅದೂ ಹರಾಜಾಯಿತು. ಆದರೆ ಅಂದಿನಿಂದ ಇಂದಿನವರೆಗೆ ಅದು ಮೂರೇ ಮನೆತನಗಳ ಕೈಯಲ್ಲಿ, ಪ್ರತಿ ಬಾರಿಯೂ ಇಡಿಯಾಗಿ ದಾಟಿದೆ. ಅಲ್ಲಿಯೂ ಓರೆಯ ಮೇಲಿನ ಮಣ್ಣು ಬೇರೆ, ಕೆಳಗಿನ ಮಣ್ಣು ಬೇರೆ. ತುಂಡುಗಳನ್ನು ಪ್ರತ್ಯೇಕವಾಗಿ ಕೊಯ್ದು, ಪ್ರತ್ಯೇಕವಾಗಿ ಹುದುಗಿಸಿ, ಕೊನೆಯಲ್ಲಿ ಕೂಡಿಸುತ್ತಾರೆ. ಆ ಹೆಸರಿನ ಬಾಟಲಿ ಕೊಳ್ಳುವವನಿಗೆ ಯಾರ ತುಂಡು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಕಾನೂನಿನ ಮುದ್ರೆ

ಕ್ಲೋ ದ ವೂಜೋ ಹೆಸರಿಗೆ ಫ್ರಾನ್ಸಿನ ನಿಯಂತ್ರಿತ ಮೂಲನಾಮ ಪದ್ಧತಿಯ ಮುದ್ರೆ ಬಿದ್ದದ್ದು 1937ರಲ್ಲಿ. ಆ ಪದ್ಧತಿ ಹುಟ್ಟಿದ್ದು ಅದಕ್ಕೆ ಎರಡು ವರ್ಷ ಮುಂಚೆ, ನಕಲಿ ಹೆಸರಿನ ವೈನಿನ ಹಾವಳಿಯಿಂದ ಬೆಳೆಗಾರರು ಕಂಗೆಟ್ಟಿದ್ದ ಕಾಲದಲ್ಲಿ. ಗಡಿ ಎಳೆಯುವಾಗ ಎರಡು ದಾರಿಗಳಿದ್ದವು. ಮಣ್ಣನ್ನು ನೋಡಿ ಕೆಳಗಿನ ಪಟ್ಟಿಯನ್ನು ಕೆಳದರ್ಜೆಗೆ ಇಳಿಸಬಹುದಿತ್ತು. ಗೋಡೆಯಿಂದ ಆಚೆ, ಅದೇ ಮಟ್ಟದಲ್ಲಿರುವ, ಪಕ್ಕದ ವೋನ್ ರೊಮಾನೆ ಹಳ್ಳಿಯ ಹೆದ್ದಾರಿ ಬದಿಯ ನೆಲಕ್ಕೆ ಹಳ್ಳಿಯ ಹೆಸರಿನ ದರ್ಜೆ ಮಾತ್ರ ಇರುವುದನ್ನು ನೋಡಿದರೆ ಇದು ಅಸಂಗತವೇನೂ ಅಲ್ಲ. ಇಲ್ಲವೇ ಆರುನೂರು ವರ್ಷಗಳಿಂದ ನಿಂತ ಗೋಡೆಯನ್ನೇ ಗಡಿಯೆಂದು ಒಪ್ಪಬಹುದಿತ್ತು. ಒಪ್ಪಿದ್ದು ಗೋಡೆಯನ್ನು. ಹೆಸರು ಚರಿತ್ರೆಯದ್ದು, ಚರಿತ್ರೆ ಗೋಡೆಯೊಳಗಿನ ಇಡೀ ತೋಟದ್ದು ಎಂಬ ವಾದಕ್ಕೆ ತೂಕವಿದೆ. ಆಗಲೇ ಹತ್ತಾರು ಮಂದಿ ಒಡೆಯರಿದ್ದ ತೋಟದಲ್ಲಿ ನಿನ್ನ ಸಾಲು ಒಳಗೆ, ನಿನ್ನ ಸಾಲು ಹೊರಗೆ ಎಂದು ಹೇಳುವ ಧೈರ್ಯ ಯಾವ ಸಮಿತಿಗೂ ಸುಲಭವಲ್ಲ. ಗೋಡೆ ಎಷ್ಟು ಕಟ್ಟುನಿಟ್ಟಿನ ರೇಖೆಯೆಂದರೆ, ಅದರ ಹೊರಗೆ ತಾಗಿಕೊಂಡಿರುವ ಕ್ಲೋ ಬ್ಲಾಂ ಎಂಬ ಬಿಳಿ ದ್ರಾಕ್ಷಿಯ ತುಂಡನ್ನೂ ಅದೇ ಸನ್ಯಾಸಿಗಳು ನೆಟ್ಟಿದ್ದರೂ ಅದಕ್ಕೆ ಪ್ರೆಮಿಯೆ ಕ್ರ್ಯೂ ದರ್ಜೆ ಮಾತ್ರ ಸಿಕ್ಕಿದೆ.

ಆ ನಿರ್ಧಾರ ಅರ್ಥವಾಗುವಂಥದ್ದು, ಆದರೆ ಅಪೂರ್ಣ. ಇಳುವರಿಗೆ ಮಿತಿ ಹಾಕಿದ ಕಾನೂನು, ಮೂಲಮಿತಿ ಹೆಕ್ಟೇರಿಗೆ 35 ಹೆಕ್ಟೋಲೀಟರ್ (3,500 ಲೀಟರ್) ಎಂದು ಹೇಳಿದ ಕಾನೂನು, ತುಂಡಿನ ಹೆಸರನ್ನು ಚೀಟಿಯ ಮೇಲೆ ಕಡ್ಡಾಯವಾಗಿ ಬರೆಯಬೇಕೆಂದು ಒಂದು ಸಾಲು ಸೇರಿಸಿದ್ದರೆ ಬಹಳಷ್ಟು ಗೊಂದಲ ತಪ್ಪುತ್ತಿತ್ತು. ಹಳೆಯ ಹೆಸರುಗಳು ಕೈಗೆಟುಕುವಲ್ಲೇ ಇದ್ದವು.

ಚಿಕ್ಕ ಪಾಲಿನ ಕಷ್ಟ ಹುದುಗುಮನೆಯಲ್ಲಿ

ಪಾಲಿನ ಗಾತ್ರ ವೈನಿನ ಗುಣದ ಮೇಲೆ ಹೇಗೆ ಪರಿಣಾಮ ಬೀರುತ್ತದೆಂಬುದು ಹೊರಗಿನವರಿಗೆ ಬೇಗ ಹೊಳೆಯುವುದಿಲ್ಲ. ಬರ್ಗಂಡಿಯಲ್ಲಿ ನೆಲವನ್ನು ಇನ್ನೂ ಉವ್ರೆ ಎಂಬ ಹಳೆಯ ಅಳತೆಯಲ್ಲಿ ಹೇಳುವವರಿದ್ದಾರೆ. ಒಬ್ಬ ಆಳು ಒಂದು ದಿನದಲ್ಲಿ ಗುದ್ದಲಿಯಿಂದ ಮಾಡಿ ಮುಗಿಸುವಷ್ಟು ನೆಲ, ಇಂದಿನ ಲೆಕ್ಕದಲ್ಲಿ 4.28 ಏರ್, ನಮ್ಮ ನಾಲ್ಕು ಗುಂಟೆಗಿಂತ ತುಸು ಹೆಚ್ಚು. ನಾವು ಬಿತ್ತುವ ಬೀಜದಿಂದ ಖಂಡುಗ, ಕೊಳಗ ಎಂದು ನೆಲ ಅಳೆದಂತೆ ಅವರು ದುಡಿಮೆಯಿಂದ ಅಳೆದರು. ಮೂಲಮಿತಿಯ ಇಳುವರಿಯಲ್ಲಿ ಒಂದು ಉವ್ರೆ ನೆಲದಿಂದ ಬರುವುದು ಸುಮಾರು 150 ಲೀಟರ್ ವೈನ್. ಬರ್ಗಂಡಿಯ ಓಕ್ ಪೀಪಾಯಿ ಹಿಡಿಯುವುದು 228 ಲೀಟರ್. ಅಂದರೆ ಒಂದು ಉವ್ರೆಯ ಒಡೆಯ ಒಂದು ಪೀಪಾಯಿಯನ್ನೂ ತುಂಬಲಾರ.

ಪೀನೋ ವೈನಿನ ಕೆಲಸವನ್ನು ಹಂತಹಂತವಾಗಿ ನೋಡಿದರೆ ಕಷ್ಟ ಸ್ಪಷ್ಟವಾಗುತ್ತದೆ. ಕೈಯಿಂದ ಕೊಯ್ದ ಗೊಂಚಲನ್ನು ಮೇಜಿನ ಮೇಲೆ ಹರಡಿ ಕೊಳೆತದ್ದನ್ನು ಆರಿಸಿ ತೆಗೆಯುತ್ತಾರೆ. ತೊಟ್ಟು ಬಿಡಿಸಿಯೋ ಇಡೀ ಗೊಂಚಲಾಗಿಯೋ ಕೊಪ್ಪರಿಗೆಗೆ ತುಂಬುತ್ತಾರೆ. ತೊಟ್ಟು ಚೆನ್ನಾಗಿ ಬಲಿತಿದ್ದರೆ ಅದು ವೈನಿಗೆ ಒಂದು ಬಗೆಯ ತಾಜಾತನವನ್ನೂ ಬಿಗುವನ್ನೂ ಕೊಡುತ್ತದೆ, ಹಸಿಯಾಗಿದ್ದರೆ ಕಹಿ. ಕೆಲವು ದಿನ ತಂಪಿನಲ್ಲಿ ನೆನೆಯಲು ಬಿಟ್ಟ ಮೇಲೆ ಸಿಪ್ಪೆಯ ಮೇಲಿನ, ಮಾಳಿಗೆಯ ಗಾಳಿಯಲ್ಲಿನ ಯೀಸ್ಟಿನಿಂದಲೇ ಹುದುಗು ಏಳುತ್ತದೆ. ಮೇಲಕ್ಕೆ ತೇಲುವ ಸಿಪ್ಪೆಯ ಪದರವನ್ನು ದಿನಕ್ಕೆ ಒಂದೆರಡು ಬಾರಿ ಒತ್ತಿ ಮುಳುಗಿಸಬೇಕು. ಒರಟಾಗಿ ಒತ್ತಿದರೆ ಬೀಜದ ಒಗರು ಬಿಟ್ಟುಕೊಳ್ಳುತ್ತದೆ. ಎರಡು ಮೂರು ವಾರದ ಬಳಿಕ ಹಿಂಡಿ, ಓಕ್ ಪೀಪಾಯಿಗೆ ಇಳಿಸಿ, ಹನ್ನೆರಡರಿಂದ ಹದಿನೆಂಟು ತಿಂಗಳು ಇಡುತ್ತಾರೆ. ಅಲ್ಲಿ ಎರಡನೆಯ ಹುದುಗಿನಲ್ಲಿ ಚುರುಕಾದ ಮ್ಯಾಲಿಕ್ ಆಮ್ಲ ಮೃದುವಾದ ಲ್ಯಾಕ್ಟಿಕ್ ಆಮ್ಲವಾಗುತ್ತದೆ.

ಈಗ ಎರಡು ಪೀಪಾಯಿಯಷ್ಟು ಮಾತ್ರ ಹಣ್ಣಿರುವವನನ್ನು ಯೋಚಿಸಬೇಕು. ಸಣ್ಣ ಕೊಪ್ಪರಿಗೆಯಲ್ಲಿ ಹುದುಗಿನ ಬಿಸಿ ನಿಲ್ಲದೆ ಆರಿಹೋಗುತ್ತದೆ, ಬಣ್ಣವೂ ಸತ್ವವೂ ಪೂರ್ತಿ ಇಳಿಯುವುದಿಲ್ಲ. ಪೀಪಾಯಿಗಳಲ್ಲಿ ಒಂದು ಹೊಸದಾದರೆ ಅರ್ಧಕ್ಕೆ ಅರ್ಧ ವೈನಿಗೆ ಹೊಸ ಮರದ ವಾಸನೆ. ಕಾಲು ಭಾಗ ಸಾಕೆಂದು ಅವನಿಗೆ ಅನ್ನಿಸಿದರೂ ಪೀಪಾಯಿಯನ್ನು ಕಾಲು ಮಾಡಲಾಗದು. ಒಂದು ಪೀಪಾಯಿ ಕೆಟ್ಟರೆ ವರ್ಷದ ಅರ್ಧ ಬೆಳೆ ಹೋಯಿತು. ಹಣ್ಣು ಪೂರ್ತಿ ಮಾಗದ ಸಾಲನ್ನು ಪ್ರತ್ಯೇಕವಾಗಿ ಇಡುವ ಮಾತೇ ಇಲ್ಲ, ಇರುವುದೇ ಅಷ್ಟು. ಹೀಗಾಗಿ 20ನೆಯ ಶತಮಾನದ ಬಹುಪಾಲು ಚಿಕ್ಕ ಒಡೆಯರು ಹಣ್ಣನ್ನೋ ಪೀಪಾಯಿಯನ್ನೋ ವರ್ತಕರಿಗೆ ಮಾರಿ ಸುಮ್ಮನಾದರು. ಯುದ್ಧಾನಂತರದ ದಶಕಗಳಲ್ಲಿ ಇಡೀ ಬರ್ಗಂಡಿಗೆ ತಗುಲಿದ ಪೊಟ್ಯಾಷ್ ಗೊಬ್ಬರದ ಅತಿಬಳಕೆ, ಹೆಚ್ಚು ಕಾಯಿ ಬಿಡುವ ಪೀನೋ ಗಿಡಗಳ ನಾಟಿ ಇಲ್ಲಿಯೂ ಬಂದಾಗ ಕೆಳಗಿನ ಜೇಡಿಯ ದೋಷಗಳು ಇಮ್ಮಡಿಯಾಗಿ ಕಂಡವು. ತೋಟದ ಹೆಸರು ಕೆಟ್ಟದ್ದು ಹೆಚ್ಚಾಗಿ ಆ ಕಾಲದ ಬಾಟಲಿಗಳಿಂದ.

ಇಷ್ಟಾದರೂ ಕೆಳಗಿನ ನೆಲವೆಂದರೆ ಕೀಳು ವೈನ್ ಎಂಬ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಬಸಿಗಾಲುವೆ ತೆಗೆದು, ಹಳೆಯ ಬಳ್ಳಿಗಳನ್ನು ಉಳಿಸಿಕೊಂಡು, ಚಿಗುರನ್ನು ಕಟ್ಟುನಿಟ್ಟಾಗಿ ಸವರಿ ಗೊಂಚಲು ಕಡಿಮೆ ಮಾಡಿದ ಬೆಳೆಗಾರನ ವೈನ್, ಮೇಲಿನ ಒಳ್ಳೆಯ ನೆಲವನ್ನು ಅಲಕ್ಷ್ಯದಿಂದ ನೋಡಿಕೊಂಡವನ ವೈನಿಗಿಂತ ಎಷ್ಟೋ ಮೇಲಾಗಿರುತ್ತದೆ. ಮೇಲೊಂದು ಕೆಳಗೊಂದು ತುಂಡಿರುವ ಒಡೆಯ ಎರಡನ್ನೂ ಕೂಡಿಸಿ ಹಳೆಯ ಹದವನ್ನು ಚಿಕ್ಕ ಪ್ರಮಾಣದಲ್ಲಿ ಮರಳಿ ಪಡೆಯಬಲ್ಲ. ಅತಿ ದೊಡ್ಡ ಪಾಲು ಶಾತೋ ದ ಲಾ ತೂರ್ ಎಂಬ ಮನೆಯದು, ಸುಮಾರು ಐದೂವರೆ ಹೆಕ್ಟೇರ್. ಗೋಡೆಯೊಳಗೇ ಇಂದಿಗೂ ವೈನ್ ಇಳಿಸುವವರು ಅವರು ಮಾತ್ರ. ಉಳಿದವರ ಹಣ್ಣೆಲ್ಲ ಸುಗ್ಗಿಯ ದಿನ ಗಾಡಿಗಳಲ್ಲಿ ಗೋಡೆ ದಾಟಿ ಸುತ್ತಲಿನ ಹಳ್ಳಿಗಳ ಮಾಳಿಗೆಗಳಿಗೆ ಹೋಗುತ್ತದೆ. ಸನ್ಯಾಸಿಗಳ ನಾಲ್ಕು ಗಾಣಗಳು ಖಾಲಿ ನಿಂತಿವೆ.

ಆ ಕಟ್ಟಡ ಉಳಿದದ್ದೂ ಒಂದು ಪುಣ್ಯ. 1889ರ ಮಾರಾಟದ ಬಳಿಕ ಲೆಯೋಂಸ್ ಬೊಕೆ ಎಂಬ ವರ್ತಕ ಅದನ್ನು ಜೀರ್ಣೋದ್ಧಾರ ಮಾಡಲು ಹೋಗಿ ತನ್ನ ಸಂಪತ್ತನ್ನೆಲ್ಲ ಕಳೆದುಕೊಂಡ. 1913ರಲ್ಲಿ ತೀರಿಕೊಂಡವನ ಸಮಾಧಿ ಅಲ್ಲಿಯ ದ್ವಾರದ ಬಳಿಯಲ್ಲೇ ಇದೆ. 1920ರಲ್ಲಿ ಅದನ್ನು ಕೊಂಡವನು ಜನಪ್ರತಿನಿಧಿ ಎತಿಯೆನ್ ಕಾಮ್ಯೂಜೆ. ವೈನ್ ಮಾರಾಟವಾಗದೆ ಮಾಳಿಗೆಗಳಲ್ಲಿ ಕೊಳೆಯುತ್ತಿದ್ದ 1934ರಲ್ಲಿ ನ್ವಿ ಸಾಂ ಜಾರ್ಜ್ ಪಟ್ಟಣದ ಜಾರ್ಜ್ ಫೆವ್ಲೆ ಮತ್ತು ಕಾಮಿಯ್ ರೊದಿಯೆ ಸೇರಿ ಬರ್ಗಂಡಿ ವೈನಿನ ಪ್ರಚಾರಕ್ಕಾಗಿ ತಾಸ್ತವಾಂ ಎಂಬ ಬಳಗವನ್ನು ಕಟ್ಟಿದ್ದರು. 1944ರಲ್ಲಿ ಕೋಟೆಮನೆ ಆ ಬಳಗದ ನೆಲೆಯಾಯಿತು. ಬರ್ಗಂಡಿಯ ಕ್ಲಿಮಾಗಳು, ಅಂದರೆ ಹೆಸರು ಮತ್ತು ಗಡಿ ಪಡೆದ 1,247 ತೋಟಗಳು, 2015ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಈ ಗೋಡೆಯೂ ಅದರೊಳಗೆ ಬಂತು.

ಬಿಸಿಲು ಬದಲಿಸುತ್ತಿರುವ ಲೆಕ್ಕ

ಬೋನ್ ಪಟ್ಟಣದ ಸುತ್ತಲಿನ ಸುಗ್ಗಿಯ ದಿನಾಂಕಗಳು 1354ರಿಂದ ದಾಖಲೆಗಳಲ್ಲಿ ಸಿಗುತ್ತವೆ. ಅವನ್ನೆಲ್ಲ ಜೋಡಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 1988ರಿಂದೀಚೆಗೆ ಸುಗ್ಗಿ ಅದಕ್ಕೆ ಮುಂಚಿನ ಆರು ಶತಮಾನಗಳ ಸರಾಸರಿಗಿಂತ ಹದಿಮೂರು ದಿನ ಮೊದಲೇ ಬರುತ್ತಿದೆ. 2003ರ ಬೇಸಿಗೆಯಲ್ಲಿ ಆಗಸ್ಟ್ ತಿಂಗಳಲ್ಲೇ ಕೊಯ್ಲು ಶುರುವಾಗಿತ್ತು. ಕ್ಲೋ ದ ವೂಜೋದ ಮಟ್ಟಿಗೆ ಇದರ ಅರ್ಥ ಗಂಭೀರವಾದದ್ದು. ಮೇಲು ನೆಲ, ಕೆಳನೆಲ ಎಂಬ ಹಳೆಯ ಎಣಿಕೆ ನಿಂತಿದ್ದು ಹಣ್ಣು ಮಾಗುವುದೇ ಕಷ್ಟವಾಗಿದ್ದ, ಮಳೆಯೇ ಶತ್ರುವಾಗಿದ್ದ ಕಾಲದ ಮೇಲೆ. ಬರ ಬಿದ್ದ ವರ್ಷಗಳಲ್ಲಿ ಮೇಲಿನ ತೆಳುಮಣ್ಣಿನ ಬಳ್ಳಿ ನೀರಿಲ್ಲದೆ ಎಲೆ ಮುದುರಿಕೊಂಡು ಮಾಗುವುದನ್ನೇ ನಿಲ್ಲಿಸುತ್ತದೆ. ನೀರಾವರಿಗೆ ಅಲ್ಲಿ ಕಾನೂನಿನ ಅವಕಾಶವಿಲ್ಲ. ಕೆಳಗಿನ ಜೇಡಿ ಆಗ ಹಿಡಿದಿಟ್ಟ ತೇವವನ್ನು ನಿಧಾನವಾಗಿ ಬಿಡುತ್ತದೆ. ಇದರ ಜೊತೆಗೆ, ಚಳಿಗಾಲ ಬೆಚ್ಚಗಾಗಿ ಬಳ್ಳಿ ಇನ್ನೂ ಬೇಗ ಚಿಗುರುವುದರಿಂದ ಏಪ್ರಿಲ್ ಹಿಮದ ಹೊಡೆತ ಹೆಚ್ಚುತ್ತಿದೆ. 2021ರ ಏಪ್ರಿಲ್‌ನಲ್ಲಿ ಬರ್ಗಂಡಿಯ ಬೆಳೆಗಾರರು ರಾತ್ರಿಯಿಡೀ ಸಾಲುಗಳ ನಡುವೆ ಮೇಣದ ಬೆಂಕಿ ಉರಿಸಿ ಕಾದರೂ ಬೆಳೆಯ ದೊಡ್ಡ ಭಾಗವನ್ನು ಕಳೆದುಕೊಂಡರು. ಒಂದೇ ಗೋಡೆಯೊಳಗೆ ಒಂದು ವರ್ಷ ತಗ್ಗು ಗೆದ್ದರೆ ಇನ್ನೊಂದು ವರ್ಷ ದಿಣ್ಣೆ ಗೆಲ್ಲುವ ಸ್ಥಿತಿ ಇದು. ಇಂಥ ಕಾಲಕ್ಕೆ ಬೇಕಾದದ್ದು ಇಡೀ ಓರೆಯನ್ನು ಕೂಡಿಸಿ ನೋಡುವ ಕೈ, ಅದೇ ಈಗ ಯಾರ ಬಳಿಯೂ ಇಲ್ಲ.

ಕೆಲವು ಒಡೆಯರು ಮಾತ್ರ ತಮ್ಮಷ್ಟಕ್ಕೆ ಒಂದು ದಾರಿ ಹಿಡಿದಿದ್ದಾರೆ. ಕ್ಲೋ ದ ವೂಜೋ ಎಂಬ ದೊಡ್ಡ ಅಕ್ಷರಗಳ ಜೊತೆಗೆ ತಮ್ಮ ತುಂಡಿನ ಹಳೆಯ ಹೆಸರನ್ನೂ, ಗ್ರಾಂ ಮೋಪೆರ್ತ್ಯುಯಿ ಎಂದೋ ಮ್ಯೂಸಿನ್ಯಿ ಎಂದೋ, ಬಾಟಲಿಯ ಚೀಟಿಯ ಮೇಲೆ ಅಚ್ಚು ಹಾಕಿಸುತ್ತಾರೆ. ಆ ಎರಡೂ ತುಂಡುಗಳು ಮೇಲಿನ ಭಾಗದವೇ. ಕೆಳಗಿನ ಬೋದ್ ಬಾಸ್‌ನ ಹೆಸರನ್ನು ಹಾಗೆ ಹಾಕಿಸಿದ ಚೀಟಿಯನ್ನು ನಾನು ಇನ್ನೂ ನೋಡಿಲ್ಲ.